ಮಲೆನಾಡ ಮಳೆಯಲ್ಲಿ ತ್ರೀಡಿ ಪ್ರಿಂಟ್ ಕೈಕೊಟ್ಟರೆ...

ಸ್ಪ್ರೇಯರ್ ಹಿಡಿ, ಪೈಪಿನ ಕ್ಲಾಂಪು, ಜೀಪಿನ ಡ್ಯಾಶ್‌ಬೋರ್ಡಿನ ಸಣ್ಣ ಭಾಗ ಮುರಿದರೆ ತ್ರೀಡಿ ಪ್ರಿಂಟರ್ ಇದ್ದವರು ಮನೆಯಲ್ಲೇ ಮಾಡಿಕೊಳ್ಳಬಹುದು. ಆದರೆ ಎಲ್ಲರೂ ಬಳಸುವ ಪಿಎಲ್‌ಎ ಫಿಲಮೆಂಟ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಜೀಪಿನೊಳಗೆ ಅದು ಬಾಳಿಕೆ ಬರುವುದಿಲ್ಲ. ಅಂಥ ಕಡೆಗೆ ಎಬಿಎಸ್, ಎಎಸ್‌ಎ, ಪಾಲಿಕಾರ್ಬೊನೇಟ್ ಬೇಕು. ಸವೆತ ಹೆಚ್ಚಿರುವ ಭಾಗಕ್ಕೆ ನೈಲಾನ್. ಸಕಲೇಶಪುರ, ಆಲೂರು ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇವನ್ನು ಪ್ರಿಂಟ್ ಮಾಡುವುದು ಕಷ್ಟ. ಸೆಟ್ಟಿಂಗ್ ಬದಲಿಸಲು ಹೊರಡುವ ಮುನ್ನ ತೇವ ಮತ್ತು ಥಂಡಿಗಾಳಿಯನ್ನು ನಿವಾರಿಸಿಕೊಳ್ಳಿ. ಈ ಕ್ರಮದಲ್ಲಿ ಪರೀಕ್ಷಿಸುತ್ತ ಬನ್ನಿ.

1. ತೇವ ಇದೆಯೇ ನೋಡಿ

ನಾಝಲ್ ಬಿಸಿ ಮಾಡಿ ಸ್ವಲ್ಪ ಫಿಲಮೆಂಟನ್ನು ಗಾಳಿಯಲ್ಲೇ ಹೊರಬಿಡಿ. ಚಟಪಟ ಸದ್ದು, ಎಳೆಯಲ್ಲಿ ಗುಳ್ಳೆ, ತೆಳುವಾದ ಆವಿ ಕಂಡರೆ ತೇವ ಹಿಡಿದಿದೆ ಎಂದೇ ಅರ್ಥ. ಹದವಾಗಿ ಒಣಗಿಸಿದ ಕಾಫಿಯೂ ಮಳೆಗಾಲದಲ್ಲಿ ಮತ್ತೆ ತೇವ ಎಳೆದುಕೊಳ್ಳುತ್ತದಲ್ಲ, ನೈಲಾನ್ ಕೂಡ ಹಾಗೆಯೇ. ರಾತ್ರಿಯಿಡೀ ತೆರೆದಿಟ್ಟರೂ ಸಾಕು, ಕೆಡುತ್ತದೆ.

2. ಒಣಗಿಸಿ, ಮುಚ್ಚಿಡಿ

- ಎಬಿಎಸ್, ಎಎಸ್‌ಎ: 70–80 ಡಿಗ್ರಿ, 4ರಿಂದ 6 ಗಂಟೆ
- ಪಾಲಿಕಾರ್ಬೊನೇಟ್: 80–90 ಡಿಗ್ರಿ, 8 ಗಂಟೆ
- ನೈಲಾನ್: 75–85 ಡಿಗ್ರಿ, 12 ಗಂಟೆ

ಕಡಿಮೆ ಬೆಲೆಯ ಕೆಲವು ಡ್ರೈಯರ್‌ಗಳು 55 ಡಿಗ್ರಿ ದಾಟುವುದಿಲ್ಲ. ನೈಲಾನಿಗೆ ಅದು ಸಾಲದು. ಫಿಲಮೆಂಟ್ ಸುತ್ತಿರುವ ರೀಲು ಅಷ್ಟು ಬಿಸಿ ತಾಳುತ್ತದೆಯೇ ಎಂದೂ ನೋಡಿಕೊಳ್ಳಿ. ಒಲೆಯ ಪಕ್ಕ ಇಟ್ಟು ಒಣಗಿಸಬೇಡಿ, ಅಲ್ಲಿ ಬಿಸಿ ಒಂದೇ ಸಮ ಇರುವುದಿಲ್ಲ. ಒಣಗಿದ ರೀಲನ್ನು ಸಿಲಿಕಾ ಜೆಲ್ ಹಾಕಿದ, ಗಾಳಿಯಾಡದ ಡಬ್ಬಿಯಲ್ಲಿಡಿ. ನೈಲಾನನ್ನು ಡಬ್ಬಿಯಿಂದಲೇ ನೇರ ಪ್ರಿಂಟರಿಗೆ ಕೊಡಿ.

3. ಹಾಟ್‌ಎಂಡ್ ಪರೀಕ್ಷಿಸಿ

ಎಬಿಎಸ್‌ಗೆ 230–250, ನೈಲಾನಿಗೆ 240–280, ಪಾಲಿಕಾರ್ಬೊನೇಟ್‌ಗೆ 260–310 ಡಿಗ್ರಿ ಬೇಕಾಗುತ್ತದೆ. ಹಾಟ್‌ಎಂಡಿನ ಒಳಗೆ ಬಿಳಿ ಪಿಟಿಎಫ್‌ಇ ಕೊಳವೆ ನಾಝಲ್‌ವರೆಗೂ ಇದ್ದರೆ 240 ಡಿಗ್ರಿ ಮೀರಬೇಡಿ. ಅದಕ್ಕಿಂತ ಬಿಸಿಯಾದರೆ ಕೊಳವೆ ಹಾಳಾಗಿ ದಾರಿ ಕಟ್ಟಿಕೊಳ್ಳುತ್ತದೆ, ವಿಷಕಾರಿ ಹೊಗೆಯೂ ಬರುತ್ತದೆ. ಪೂರ್ತಿ ಲೋಹದ ಹಾಟ್‌ಎಂಡ್ ಹಾಕಿಸಿಕೊಳ್ಳಿ. ಕಾರ್ಬನ್ ಫೈಬರ್ ಬೆರೆಸಿದ ನೈಲಾನ್ ಹಿತ್ತಾಳೆ ನಾಝಲನ್ನು ಬೇಗ ಸವೆಸುತ್ತದೆ. ಅದಕ್ಕೆ ಗಟ್ಟಿ ಉಕ್ಕಿನದೇ ಬೇಕು.

4. ಥಂಡಿಗಾಳಿ ತಡೆಯಿರಿ

ಮೂಲೆ ಮೇಲೆದ್ದರೆ, ಪದರಗಳ ನಡುವೆ ಅಡ್ಡಡ್ಡ ಬಿರುಕು ಬಿಟ್ಟರೆ ಪ್ರಿಂಟ್ ಬೇಗ ತಣಿದು ಕುಗ್ಗುತ್ತಿದೆ ಎಂದರ್ಥ. ಪ್ರಿಂಟರನ್ನು ಕಿಟಕಿಯಿಂದ ದೂರವಿಟ್ಟು, ಸುಲಭವಾಗಿ ಬೆಂಕಿ ಹತ್ತದ ವಸ್ತುವಿನ ಗೂಡು ಮಾಡಿ. ಪವರ್ ಸಪ್ಲೈ ಗೂಡಿನ ಹೊರಗಿರಲಿ. ಬೆಡ್ಡನ್ನು 100 ಡಿಗ್ರಿಗೆ ಬಿಸಿ ಮಾಡಿ, ಗೂಡಿನ ಗಾಳಿ ಬೆಚ್ಚಗಾಗುವವರೆಗೆ ಕಾಯಿರಿ. ಎಬಿಎಸ್‌ಗೆ ಪ್ರಿಂಟ್ ತಣಿಸುವ ಫ್ಯಾನ್ ಬೇಡ. ಬಿರುಕು ನಿಲ್ಲದಿದ್ದರೆ ಫಿಲಮೆಂಟ್ ಪೆಟ್ಟಿಗೆಯ ಮೇಲಿರುವ ಮಿತಿಯೊಳಗೆ ನಾಝಲಿನ ಬಿಸಿಯನ್ನು ಐದೈದು ಡಿಗ್ರಿ ಏರಿಸಿ. ಎಬಿಎಸ್ ಕರಗುವಾಗ ಬರುವ ಆವಿ ಒಳ್ಳೆಯದಲ್ಲ, ಮಲಗುವ ಕೋಣೆಯಲ್ಲಿ ಪ್ರಿಂಟ್ ಮಾಡಬೇಡಿ.

5. ಮೊದಲ ಪದರ ಗಟ್ಟಿಯಾಗಲಿ

ಬೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ತೆಳುವಾಗಿ ಗ್ಲೂ ಸ್ಟಿಕ್ ಬಳಿಯಿರಿ. ಇದು ಅಂಟಿಸುವುದಕ್ಕೆ ಮಾತ್ರವಲ್ಲ. ಪಾಲಿಕಾರ್ಬೊನೇಟ್ ಬೆಡ್ಡಿಗೇ ಕಚ್ಚಿಕೊಂಡು ಮೇಲ್ಮೈ ಕಿತ್ತು ಬರುವುದನ್ನೂ ತಡೆಯುತ್ತದೆ. ಚೂಪು ಮೂಲೆಗಳಿದ್ದರೆ ಸ್ಲೈಸರಿನಲ್ಲಿ 5ರಿಂದ 8 ಮಿ.ಮೀ. ಬ್ರಿಮ್ ಕೊಡಿ.

6. ಕರೆಂಟಿನ ಭರವಸೆ ಬೇಡ

ಕರೆಂಟು ಹೋಗಿ ಬಂದ ಮೇಲೆ ಪ್ರಿಂಟ್ ಮುಂದುವರಿಸುವ ಸೌಲಭ್ಯ ಎಬಿಎಸ್ ವಿಷಯದಲ್ಲಿ ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ. ಬೆಡ್ ತಣಿದೊಡನೆ ವಸ್ತು ಕಳಚಿಕೊಳ್ಳುತ್ತದೆ. ಪ್ರಿಂಟರಿನ ವ್ಯಾಟ್ ನೋಡಿ, ಬೆಡ್ಡಿನ ಲೋಡನ್ನೂ ಹೊರಬಲ್ಲ ಯುಪಿಎಸ್ ಇಡಿ. ಅದಿಲ್ಲದಿದ್ದರೆ ದೊಡ್ಡ ಭಾಗವನ್ನು ತುಂಡು ತುಂಡಾಗಿ ಪ್ರಿಂಟ್ ಮಾಡಿ, ಬೋಲ್ಟ್ ಹಾಕಿ ಜೋಡಿಸಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, 20 ಮಿ.ಮೀ. ಘನ ಪ್ರಿಂಟ್ ಮಾಡಿ ನೋಡಿ. ಸರಿಬಂದ ಬಿಸಿ, ಒಣಗಿಸಿದ ದಿನಾಂಕ ಎರಡನ್ನೂ ರೀಲಿನ ಮೇಲೆ ಬರೆದಿಡಿ. ಮುಂದಿನ ಸಲ ಕೆಟ್ಟರೆ ಮೊದಲು ದಿನಾಂಕ ನೋಡಿ. ಹಳೆಯದಾಗಿದ್ದರೆ ಸೆಟ್ಟಿಂಗ್ ಮುಟ್ಟದೆ ಫಿಲಮೆಂಟ್ ಒಣಗಿಸಿ.