ಮುಝ್ದಲಿಫಾದ ರಾತ್ರಿಗೆ ಎಷ್ಟು ಸಾಮಾನು ಬೇಕು?

ಹಜ್ಜ್‌ಗೆ ಹೊರಡುವವರ ಮನೆಯಲ್ಲಿ ತಿಂಗಳ ಮೊದಲೇ ಸೂಟ್‌ಕೇಸ್ ತೆರೆದುಕೊಳ್ಳುತ್ತದೆ. ಉಪ್ಪಿನಕಾಯಿ, ಚಟ್ನಿಪುಡಿ, ಅವಲಕ್ಕಿ ಎಂದು ತುಂಬಿಸಲು ನೆಂಟರೆಲ್ಲ ಸೇರುತ್ತಾರೆ. ಆದರೆ ಝುಲ್‌ಹಜ್ಜ್ 8ರಂದು ಆ ಪೆಟ್ಟಿಗೆ ಮಕ್ಕಾದ ಕೋಣೆಯಲ್ಲೇ ಉಳಿಯುತ್ತದೆ. ಮಿನಾ, ಅರಫಾ, ಮುಝ್ದಲಿಫಾಗಳಿಗೆ ನಿಮ್ಮೊಂದಿಗೆ ಬರುವುದು ಬೆನ್ನಿಗೆ ಹಾಕಿಕೊಳ್ಳುವ ಒಂದು ಚೀಲ ಮಾತ್ರ. ಹೆಚ್ಚು ಯೋಚಿಸಿ ತುಂಬಬೇಕಾದದ್ದು ಅದನ್ನೇ.

ಮಿನಾದಿಂದ ಅರಫಾಕ್ಕೆ ಸುಮಾರು 14 ಕಿ.ಮೀ., ಅಲ್ಲಿಂದ ಮುಝ್ದಲಿಫಾಕ್ಕೆ ಸುಮಾರು 9 ಕಿ.ಮೀ. ದೂರ. ಬಸ್ಸಿದೆ, ರೈಲಿದೆ. ಆದರೆ 9ರಂದು ಸೂರ್ಯ ಮುಳುಗಿದೊಡನೆ ಲಕ್ಷಾಂತರ ಜನ ಒಟ್ಟಿಗೆ ಅರಫಾದಿಂದ ಹೊರಡುತ್ತಾರೆ. ಬಸ್ಸು ಗಂಟೆಗಟ್ಟಲೆ ನಿಂತಲ್ಲೇ ನಿಂತು, ಕೊನೆಗೆ ಇಳಿದು ನಡೆದವರು ಬಹಳ ಮಂದಿ. ಆದ್ದರಿಂದ ವಾಹನ ಸಿಕ್ಕರೆ ಅಲ್‌ಹಮ್ದುಲಿಲ್ಲಾಹ್, ತಯಾರಿ ಮಾತ್ರ ನಡಿಗೆಗೇ ಇರಲಿ.

2024ರ ಹಜ್ಜ್‌ನಲ್ಲಿ ಮಕ್ಕಾದ ಉಷ್ಣತೆ 51 ಡಿಗ್ರಿ ದಾಟಿತ್ತು. ಆ ವರ್ಷ 1,301 ಮಂದಿ ತೀರಿಕೊಂಡರು. ಅವರಲ್ಲಿ ಶೇ. 83ರಷ್ಟು ಮಂದಿ ಅನುಮತಿ ಪತ್ರವಿಲ್ಲದೆ ಬಂದು, ನೆರಳಾಗಲಿ ಡೇರೆಯಾಗಲಿ ಇಲ್ಲದೆ ಬಿಸಿಲಲ್ಲಿ ಬಹುದೂರ ನಡೆದವರೆಂದು ಸೌದಿ ಸರಕಾರ ತಿಳಿಸಿತು. ಅನುಮತಿ ಪತ್ರವೆಂದರೆ ಬರೀ ಕಾಗದವಲ್ಲ, ತಂಪಾದ ಡೇರೆಯಲ್ಲಿ ಮಲಗುವ ಜಾಗ. 'ಹೇಗಾದರೂ ಹೋದರಾಯಿತು' ಎನ್ನುವ ಏಜೆಂಟರ ಮಾತಿಗೆ ಬೀಳುವ ಮೊದಲು ಇದನ್ನು ನೆನಪಿಡಿ.

ಇನ್ನು ಚೀಲ. ತೆಳುವಾದ ಒಂದು ಚಾಪೆ, ಒಂದು ಜೊತೆ ಹೆಚ್ಚುವರಿ ಇಹ್ರಾಮ್ ಬಟ್ಟೆ (ಹತ್ತಿಯದು ಹಗಲಿಗೆ ಹಿತ, ಟವೆಲ್ ಮಾದರಿಯದು ರಾತ್ರಿ ಹಾಸಲು ಹೊದೆಯಲು ಒಳ್ಳೆಯದು), ಒಂದು ಲೀಟರಿನ ನೀರಿನ ಬಾಟಲಿ, ನಾಲ್ಕೈದು ಓಆರ್‌ಎಸ್ ಪೊಟ್ಟಣ, ಖರ್ಜೂರ, ಬಿಳಿ ಕೊಡೆ. ಇಹ್ರಾಮ್‌ನಲ್ಲಿ ಪುರುಷರು ಟೋಪಿ ಹಾಕುವಂತಿಲ್ಲ, ಟವೆಲ್ ಹೊದೆಯುವಂತಿಲ್ಲ. ಕೊಡೆ ಹಿಡಿಯಬಹುದು. ಹಾಗಾಗಿ ಕೊಡೆ ಮರೆಯಬೇಡಿ. ಸುವಾಸನೆಯಿಲ್ಲದ ಸಾಬೂನು ಮತ್ತು ವ್ಯಾಸಲೀನ್ ಬೇಕು. ತೊಡೆ ಸಂದಿ ಉಜ್ಜಿ ಹುಣ್ಣಾಗಿ, ನಡೆಯಲಾರದೆ ಕುಳಿತುಬಿಡುವ ಪುರುಷರಿಗೆ ಲೆಕ್ಕವಿಲ್ಲ. ನಾಚಿಕೆಯಿಂದ ಯಾರೂ ಮೊದಲೇ ಹೇಳಿಕೊಡುವುದಿಲ್ಲ ಅಷ್ಟೇ. ಒದ್ದೆ ಟಿಶ್ಯೂಗಳಲ್ಲಿ ಹೆಚ್ಚಿನವು ಸುವಾಸನೆಯವು, ಕೊಳ್ಳುವಾಗ ನೋಡಿಕೊಳ್ಳಿ. ಚಪ್ಪಲಿ ಇಡಲು ಒಂದು ಬಟ್ಟೆಚೀಲ ಇರಲಿ, ಕಳೆದುಕೊಂಡು ಬರಿಗಾಲಲ್ಲಿ ಕಾದ ನೆಲ ತುಳಿದರೆ ಪಾದ ಬೊಬ್ಬೆಯೇಳುತ್ತದೆ. ಔಷಧಿಗಳು ಐದು ದಿನಕ್ಕಾಗುವಷ್ಟು, ಚೀಟಿಯ ಸಮೇತ. ಇನ್ಸುಲಿನ್ ಬಿಸಿಲಿಗೆ ಕೆಡುತ್ತದೆ, ಅದಕ್ಕಾಗಿ ಸಿಗುವ ತಂಪು ಚೀಲದಲ್ಲಿಡಿ. ತುಂಬಿದ ಚೀಲ ಹೊತ್ತು ಒಂದು ತಿಂಗಳು ಮೊದಲೇ ಸುಬ್‌ಹಿ ನಮಾಝ್‌ನ ಬಳಿಕ ದಿನಾ ಮೂರ್ನಾಲ್ಕು ಕಿ.ಮೀ. ನಡೆಯಿರಿ. ಯಾವುದು ಬೇಡವೆಂದು ಹೆಗಲೇ ಹೇಳುತ್ತದೆ.

ಪಾದರಕ್ಷೆಯ ವಿಷಯದಲ್ಲಿ ತಪ್ಪು ಮಾಡಿದ್ದು ನಾನೇ. ಸಕ್ಕರೆ ಕಾಯಿಲೆಯಿದ್ದ ಉಮ್ಮನಿಗೆ ಹೊರಡುವ ವಾರ ಹೊಸ ಶೂ ಕೊಡಿಸಿದ್ದೆ. ಅವರು ನೋವೆಂದು ಒಮ್ಮೆಯೂ ಹೇಳಲಿಲ್ಲ. ಮಿನಾದಲ್ಲಿ ಕಾಲುಚೀಲ ತೆಗೆದಾಗ ಹಿಮ್ಮಡಿಯಲ್ಲಿ ರಕ್ತ. ಸಹಿಸಿಕೊಂಡದ್ದಲ್ಲ, ನೋವು ಗೊತ್ತೇ ಆಗಿರಲಿಲ್ಲ. ದೀರ್ಘಕಾಲದ ಮಧುಮೇಹ ಪಾದದ ಸ್ಪರ್ಶಜ್ಞಾನವನ್ನು ಕುಂದಿಸುತ್ತದೆ. ಅಂಥವರ ಪಾದವನ್ನು ಬೆಳಿಗ್ಗೆ ಸಂಜೆ ಇನ್ನೊಬ್ಬರು ಕಣ್ಣಾರೆ ನೋಡಬೇಕು. ಬೊಬ್ಬೆ ಒಡೆಯದೆ, ಗಾಝ್ ಸುತ್ತಿ ಕ್ಲಿನಿಕ್‌ಗೆ ತೋರಿಸಬೇಕು. ಕನಿಷ್ಠ ಒಂದು ತಿಂಗಳು ಹಾಕಿ ಪಳಗಿದ ಚಪ್ಪಲಿಯೇ ಇರಲಿ. ಪುರುಷರು ಪಾದದ ಎಷ್ಟು ಭಾಗ ಮುಚ್ಚಬಹುದೆಂಬುದರಲ್ಲಿ ಮದ್ಹಬ್‌ಗಳ ನಡುವೆ ವ್ಯತ್ಯಾಸವಿದೆ, ಕೊಳ್ಳುವ ಮೊದಲು ನಿಮ್ಮ ಉಸ್ತಾದರಲ್ಲಿ ಕೇಳಿ.

ಮುಝ್ದಲಿಫಾದಲ್ಲಿ ಡೇರೆಯಿಲ್ಲ, ಆಕಾಶವೇ ಮಾಡು. ಗಡಿ ಸೂಚಿಸುವ ಫಲಕ ದಾಟಿದ್ದನ್ನು ಖಚಿತಪಡಿಸಿಕೊಳ್ಳಿ. ಒಳಹೊಕ್ಕ ಕೂಡಲೇ ಸಿಕ್ಕ ಜಾಗದಲ್ಲಿ ಬಿದ್ದುಕೊಳ್ಳಬೇಡಿ, ಬಾಗಿಲಲ್ಲೇ ನೂಕುನುಗ್ಗಲು ಹೆಚ್ಚು. ಮಗ್ರಿಬ್, ಇಶಾ ಮುಗಿಸಿ ಸ್ವಲ್ಪ ಮುಂದೆ ಹೋಗಿ ಸಮತಟ್ಟಾದ ನೆಲ ಹುಡುಕಿ. ನಿಂತ ಬಸ್ಸಿನ ಪಕ್ಕವಂತೂ ಬೇಡವೇ ಬೇಡ. ಎ.ಸಿ.ಗಾಗಿ ಎಂಜಿನ್ ಓಡುತ್ತಲೇ ಇರುತ್ತದೆ, ಹೊಗೆ ನೇರ ಮೂಗಿಗೆ. ಕತ್ತಲಲ್ಲಿ ಹಿಂದೆ ಸರಿಯುವ ಬಸ್ಸಿನ ಚಾಲಕನಿಗೆ ಮಲಗಿದವರು ಕಾಣುವುದಿಲ್ಲ. ಶೌಚಾಲಯ ಕಣ್ಣಿಗೆ ಕಾಣುವಷ್ಟು ಹತ್ತಿರವಿರಲಿ, ಅದರ ಗೋಡೆಗೆ ಒರಗಿ ಮಲಗುವಷ್ಟಲ್ಲ. ಹತ್ತಿರದ ದೀಪದ ಕಂಬದ ಗುರುತು ಎಲ್ಲರೂ ನೆನಪಿಟ್ಟುಕೊಳ್ಳಿ, ವುಝೂಗೆ ಹೋದವರು ದಾರಿ ತಪ್ಪುವುದು ಅಲ್ಲೇ. ಪುರುಷರು ಹೊದಿಕೆಯನ್ನು ಭುಜದವರೆಗೆ ಮಾತ್ರ ಎಳೆದುಕೊಳ್ಳಲಿ.

ಒಂದು ಮಾತು ಸಹೋದರಿಯರಿಗೆ. ಶೌಚಾಲಯದ ಸಾಲಿಗೆ ಹೆದರಿ ನೀರು ಕುಡಿಯದೆ ಇರುವವರು ನೀವೇ ಹೆಚ್ಚು. ಮೂತ್ರದ ಸೋಂಕಿಗೂ ಬಿಸಿಲಿನ ಆಘಾತಕ್ಕೂ ಇದೇ ದಾರಿ. ಸಾಲು ದೊಡ್ಡದಿರುತ್ತದೆ, ನಿಂತುಕೊಳ್ಳಿ, ಆದರೆ ನೀರು ಬಿಡಬೇಡಿ. ವೃದ್ಧರು, ರೋಗಿಗಳು ಮತ್ತು ಅವರ ಜೊತೆಗಿರುವವರಿಗೆ ಮಧ್ಯರಾತ್ರಿಯ ನಂತರ ಮಿನಾಕ್ಕೆ ಹೊರಡಲು ರಿಯಾಯಿತಿಯಿದೆ. ಆ ರಿಯಾಯಿತಿ ಪಡೆಯಲು ಸಂಕೋಚ ಬೇಡ.

10ರಂದು ಜಮ್ರಾಕ್ಕೆ ಕಲ್ಲೆಸೆದು ತಲೆ ಬೋಳಿಸುವಾಗ ಹೊಸ ಬ್ಲೇಡ್ ನಿಮ್ಮ ಕಣ್ಣೆದುರೇ ಬಿಚ್ಚಲಿ. ಹೆಪಟೈಟಿಸ್ ಬಿ, ಸಿ ಹರಡಲು ಹಳೆಯ ಬ್ಲೇಡ್ ಒಂದೇ ಸಾಕು. ಡೇರೆಗೆ ಮರಳಿದ ಮೇಲೆ ಪಾದ ತೊಳೆದು, ಬೆರಳ ಸಂದಿ ಒರೆಸಿ, ಬೊಬ್ಬೆಯೇನಾದರೂ ಇದೆಯೇ ಎಂದು ನೋಡಿಕೊಂಡು ಮಲಗಿ. ಇನ್ನೂ ಎರಡು ದಿನವಾದರೂ ಜಮ್ರಾಗಳಿಗೆ ನಡೆಯಲಿಕ್ಕಿದೆ.