ಜೇಡರ ಬಲೆ ಮೊದಲೋ, 999 ಮೊದಲೋ: ನೋಡುವ ಕ್ರಮದ ಕುರಿತು ಒಂದು ಪಾಠ

ಇಂಟರ್ನ್‌ಶಿಪ್‌ನ ಎರಡನೇ ವಾರ. ಬೈಲಹೊಂಗಲ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆ, ಒಂಬತ್ತನೇ ತರಗತಿ, ಪಾಠ 'ಪರಮಾಣುವಿನ ರಚನೆ'. ಥಾಮ್ಸನ್ ಮಾದರಿಯನ್ನು ತೋರಿಸಲು ಬೋಧನೋಪಕರಣವಾಗಿ ಅರ್ಧ ಕಲ್ಲಂಗಡಿ ಹಣ್ಣು ಒಯ್ದಿದ್ದೆ. ಕೆಂಪು ತಿರುಳು ಧನಾವೇಶ, ಕರಿ ಬೀಜಗಳು ಎಲೆಕ್ಟ್ರಾನುಗಳು. ಹಣ್ಣನ್ನು ಎತ್ತಿ ಹಿಡಿದಿದ್ದೆನಷ್ಟೇ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಟೀಚರ್ರೀ, ಇದು ತಪ್ಪಲ್ರೀ? ನಡುವ ನ್ಯೂಕ್ಲಿಯಸ್ ಇರತೈತ್ರಿ, ಸುತ್ತ ಎಲೆಕ್ಟ್ರಾನ್ ತಿರಗತಾವ್ರಿ."

ಅವನು ಹೇಳಿದ್ದು ಸರಿ. ಪಾಠದ ಕೊನೆಯ ಪುಟಗಳ ಚಿತ್ರವನ್ನು ಅವನು ಮೊದಲೇ ನೋಡಿಬಿಟ್ಟಿದ್ದ. ಮರುದಿನ ರುದರ್‌ಫೋರ್ಡ್‌ನ ಚಿನ್ನದ ಹಾಳೆಯ ಪ್ರಯೋಗ ಹೇಳಿದಾಗ ತರಗತಿಯಲ್ಲಿ ಒಬ್ಬರಿಗೂ ಅಚ್ಚರಿಯಾಗಲಿಲ್ಲ. ಆಲ್ಫಾ ಕಣ ಹಿಂದಕ್ಕೆ ಪುಟಿದದ್ದು ಯಾಕೆ ಎಂದು ಕೇಳಿದರೆ, "ನಡುವ ನ್ಯೂಕ್ಲಿಯಸ್ ಐತೆಲ್ರೀ, ಅದಕ್ಕ ಬಡೀತು" ಎಂದರು. ಉತ್ತರ ಸರಿ, ಆದರೆ ಯಾರೂ ಯೋಚಿಸಿ ಹೇಳಿದ ಉತ್ತರವಲ್ಲ. ನನ್ನ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಹೀಗೆ ಬರೆದರು: "ವಿಷಯ ಸರಿಯಿದೆ. ಕ್ರಮ ಪುಸ್ತಕದ್ದು. ಈ ಕ್ರಮ ಏಕೆ ಎಂಬುದು ಮಕ್ಕಳಿಗೆ ತಲುಪಿಲ್ಲ." ಎರಡು ದಿನ ಆ ಸಾಲು ತಲೆಯಲ್ಲೇ ಕೂತಿತ್ತು.

ದಾರಿ ಸಿಕ್ಕಿದ್ದು ಊಟದ ವಿರಾಮದಲ್ಲಿ. ಹುಡುಗರು 'ಪಠಾಣ್' ಮತ್ತು 'ಟೈಗರ್ 3' ಚಿತ್ರಗಳ ಬಗ್ಗೆ ಜಗಳಾಡುತ್ತಿದ್ದರು. ಎರಡೂ 2023ರಲ್ಲಿ ಬಂದವು. ಜನವರಿಯಲ್ಲಿ 'ಪಠಾಣ್', ನವೆಂಬರಿನಲ್ಲಿ 'ಟೈಗರ್ 3'. ಮೊದಲನೆಯದರಲ್ಲಿ ಟೈಗರ್ ಬಂದು ಪಠಾಣನನ್ನು ಬಿಡಿಸುತ್ತಾನೆ, ಎರಡನೆಯದರಲ್ಲಿ ಪಠಾಣ್ ಬಂದು ಟೈಗರನನ್ನು ಬಿಡಿಸುತ್ತಾನೆ. ಎರಡನೆಯದನ್ನೇ ಮೊದಲು ನೋಡಿದ ಹುಡುಗನಿಗೆ ಪಠಾಣ್ ಯಾರು, ಅವನು ಬಂದ ಕೂಡಲೇ ಎಲ್ಲರೂ ಶಿಳ್ಳೆ ಹೊಡೆದದ್ದು ಯಾಕೆ ಎಂದೇ ತಿಳಿದಿರಲಿಲ್ಲ. "ಮೊದಲಿಂದು ನೋಡ್ಕೊಂಡ್ ಬಾ ಹೋಗ್" ಎಂದು ಉಳಿದವರು ಅವನನ್ನು ಅಟ್ಟುತ್ತಿದ್ದರು. ನನ್ನ ಪಾಠದಲ್ಲಿ ಏನಾಗಿತ್ತೋ ಅದರ ಉಲ್ಟಾ ಇಲ್ಲಿ ನಡೆದಿತ್ತು. ಆ ವಾರ ಪಠ್ಯಗಳನ್ನು ಓದಿ ಚಿಂತಿಸುವ ಇಪಿಸಿ ಚಟುವಟಿಕೆಗೆ ನಾನೊಂದು ವಿಷಯ ಆರಿಸಬೇಕಿತ್ತು. ಗೂಢಚಾರಿ ಚಿತ್ರಸರಣಿಯೊಂದನ್ನು ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನೇ ಆರಿಸಿಕೊಂಡೆ. ಕನ್ನಡದ ಸರಣಿಯೇ ಆಗಬೇಕೆಂಬ ಹಟ ಮಾತ್ರ ನನ್ನದು.

ಕನ್ನಡದಲ್ಲಿ ಅಂಥದ್ದು ಇದೆಯೇ ಎಂದು ಕೇಳುವ ಸಹಪಾಠಿಗಳಿದ್ದಾರೆ. ಇದೆ. ಜೇಮ್ಸ್ ಬಾಂಡ್‌ನ 007 ಇದ್ದಂತೆ ನಮ್ಮಲ್ಲಿ ಸಿ.ಐ.ಡಿ. 999. ಡಾ. ರಾಜ್‌ಕುಮಾರ್ ನಾಯಕರು, ದೊರೈ-ಭಗವಾನ್ ಜೋಡಿ ನಿರ್ದೇಶಕರು, ಜಿ.ಕೆ. ವೆಂಕಟೇಶ್ ಸಂಗೀತ. 1968ರಲ್ಲಿ 'ಜೇಡರ ಬಲೆ', ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', ಒಂಬತ್ತು ವರ್ಷ ಬಿಟ್ಟು 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಮೊದಲ ಮೂರು ಕಪ್ಪು-ಬಿಳುಪು, ನಾಲ್ಕನೆಯದು ವರ್ಣಚಿತ್ರ. ಅದರ ಇಂಗ್ಲಿಷ್ ಹಾಡನ್ನು ಇಂದಿನ ಮಕ್ಕಳು ಮೊಬೈಲಿನಲ್ಲಿ ಕೇಳಿರುತ್ತಾರೆ, ಯಾವ ಚಿತ್ರದ್ದೆಂದು ತಿಳಿದಿರುವುದಿಲ್ಲ.

ಒಂಬತ್ತನೇ 'ಅ' ವಿಭಾಗದಲ್ಲಿ ನಾನೊಂದು ತಪ್ಪು ಮಾಡಿದೆ. ಆಸಕ್ತಿ ಹುಟ್ಟಬೇಕು ಎಂದುಕೊಂಡು ಬಣ್ಣದ ಚಿತ್ರದ ತುಣುಕನ್ನೇ ಮೊದಲು ತೋರಿಸಿದೆ. ಆಸಕ್ತಿಯೇನೋ ಹುಟ್ಟಿತು. ಅದರ ಬೆನ್ನಿಗೇ 'ಜೇಡರ ಬಲೆ' ಹಾಕಿದರೆ ಮಕ್ಕಳು ಕಿಟಕಿಯಾಚೆ ನೋಡತೊಡಗಿದರು. "ಇದು ಹಳೇದ್ರಿ ಟೀಚರ್." ಕೊನೆಯದನ್ನು ಮೊದಲು ತಂದು, ಮೊದಲನೆಯದರ ರುಚಿಯನ್ನು ನಾನೇ ಕೆಡಿಸಿದ್ದೆ. 5ಇ ಮಾದರಿಯ ತೊಡಗಿಸಿಕೊಳ್ಳುವ ಹಂತಕ್ಕೆ ಅತ್ಯಂತ ಆಕರ್ಷಕವಾದದ್ದನ್ನೇ ಹುಡುಕುವ ಚಟ ನಮಗೆಲ್ಲ ಇದೆ. ಅದರ ಸಾಲ ಉಳಿದ ಹಂತಗಳು ತೀರಿಸಬೇಕಾಗುತ್ತದೆ.

'ಬ' ವಿಭಾಗದಲ್ಲಿ ಮೊದಲಿಗೆ ಚಿತ್ರ ತೋರಿಸಲೇ ಇಲ್ಲ. ನಾಲ್ಕು ಹೆಸರುಗಳನ್ನು ನಾಲ್ಕು ರಟ್ಟಿನ ಪಟ್ಟಿಗಳ ಮೇಲೆ ಬರೆದು, ಇಸವಿ ಬರೆಯದೆ, ಪ್ರತಿ ಗುಂಪಿಗೂ ಒಂದೊಂದು ಕಟ್ಟು ಕೊಟ್ಟೆ. ಯಾವುದು ಮೊದಲು ಬಂದಿರಬಹುದು, ಜೋಡಿಸಿ, ಕಾರಣ ಹೇಳಿ. ನಾಲ್ಕು ಪಟ್ಟಿಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂದು ಕೇಳಿದಾಗ ಒಂದು ಗುಂಪು ಕವಲುಚಿತ್ರ ಬರೆದು 24 ಎಂದು ತೋರಿಸಿತು. ನಾನು ಗಣಿತದವಳು, ಖುಷಿಯಾಗದೆ ಇರುತ್ತದೆಯೇ?

ಒಂದು ಗುಂಪು 'ಆಪರೇಷನ್' ಎಂಬ ಎರಡನ್ನೂ ಅಕ್ಕಪಕ್ಕ ಇಟ್ಟಿತು. ಇನ್ನೊಂದು ಗುಂಪು ಗೋವಾವನ್ನು ಮೊದಲಿಗಿಟ್ಟಿತು. ಕಾರಣ, "ಗೋವಾ ನಮಗ ಸಮೀಪ ಐತ್ರಿ." ಬೆಳಗಾವಿ ಜಿಲ್ಲೆಯ ಮಕ್ಕಳ ಭೂಗೋಳ ಅದು, ತೆಗೆದುಹಾಕುವಂತಿಲ್ಲ. ಆಮೇಲೆ ಮುಂದಿನ ಸಾಲಿನ ಹುಡುಗಿಯೊಬ್ಬಳು ನನಗೂ ಹೊಳೆಯದ ಪ್ರಶ್ನೆ ಕೇಳಿದಳು. "ಎರಡರಾಗ 999 ಐತಿ, ಎರಡರಾಗ ಯಾಕ ಇಲ್ರೀ?"

ಅದನ್ನೇ ಹಿಡಿದು ಇಪ್ಪತ್ತು ನಿಮಿಷ ಮಾತಾಡಿದೆವು. ಯಾರಿಗೂ ಗೊತ್ತಿಲ್ಲದ ನಂಬರನ್ನು ಪೋಸ್ಟರಿನ ಮೇಲೆ ದೊಡ್ಡದಾಗಿ ಬರೆದರೆ ಜನ ಬರುತ್ತಾರೆಯೇ? ಬರಲಿಕ್ಕಿಲ್ಲ. ಹಾಗಾದರೆ ನಂಬರಿಲ್ಲದ ಹೆಸರು ಮೊದಲಿನದಾಗಿರಬೇಕು. 'ಜೇಡರ ಬಲೆ' ಎಂಬ ಹೆಸರಿಗೆ ತಾನೊಂದು ಸರಣಿಯ ಮೊದಲನೆಯದು ಎಂಬುದು ಗೊತ್ತೇ ಇಲ್ಲ. ಜನ ಮೆಚ್ಚಿದ ಮೇಲೆ ನಂಬರು ಹೆಸರಿಗೇರಿತು. ಆದರೆ ಇನ್ನೊಂದು ನಂಬರಿಲ್ಲದ ಹೆಸರೂ ಉಳಿಯಿತಲ್ಲ? ಅದೇ ಹುಡುಗಿ ಸ್ವಲ್ಪ ತಡೆದು ಹೇಳಿದಳು, "ಬಾಳ ವರ್ಷ ಆದ ಮ್ಯಾಲ ಮಾಡಿದ್ದಿರಬೇಕ್ರಿ. ಮಂದಿ ನಂಬರ್ ಮರತಿರತಾರ." ಅದೇ ನಿಜವಾದ ಕಾರಣವೆಂದು ನಾನು ಪಟ್ಟು ಹಿಡಿಯುವುದಿಲ್ಲ. ಆದರೆ ಇಸವಿ ನೋಡದೆ, ಹೆಸರುಗಳ ಒಳಗಿನ ಸುಳಿವಿನಿಂದಲೇ ಅವಳ ಗುಂಪು 24ರಲ್ಲಿ ಸರಿಯಾದ ಕ್ರಮಕ್ಕೆ ಬಂದು ಮುಟ್ಟಿತು.

ಕೊನೆಗೆ ಇಸವಿ ಕೊಟ್ಟು, ಆಯ್ದ ತುಣುಕುಗಳನ್ನು ಬಂದ ಕ್ರಮದಲ್ಲೇ ತೋರಿಸಿದೆ. (ಇವು ಕ್ಲಬ್ಬು, ಕುಣಿತ, ಸಿಗರೇಟು ಇರುವ ಚಿತ್ರಗಳು. ತರಗತಿಗೆ ಒಯ್ಯುವವರು ಮೊದಲು ತಾವು ಪೂರ್ತಿ ನೋಡಿ, ಆರಿಸಿಕೊಂಡು ಒಯ್ಯಬೇಕು.) ಈ ಸಲ ಕಪ್ಪು-ಬಿಳುಪು ಯಾರಿಗೂ ಬೇಸರ ತರಲಿಲ್ಲ. ಬಣ್ಣ ಬಂದಾಗ ಚಪ್ಪಾಳೆ ಬಿತ್ತು. ನಾಲ್ಕನೆಯದರಲ್ಲಿ ರಾಜ್‌ಕುಮಾರ್ ತಾವೇ ಹಾಡಿದ್ದನ್ನೂ ಅವರಿಗೆ ಹೇಳಿದೆ. 1974ರ 'ಸಂಪತ್ತಿಗೆ ಸವಾಲ್' ಚಿತ್ರದ ನಂತರ ಅವರು ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದ್ದರು. ಒಂಬತ್ತು ವರ್ಷಗಳ ಖಾಲಿ ಜಾಗದಲ್ಲಿ ನಾಯಕನ ದನಿಯೇ ಬದಲಾಗಿದೆ. ಬಂದ ಕ್ರಮದಲ್ಲಿ ನೋಡಿದವರಿಗಷ್ಟೇ ಅದು ಕಿವಿಗೆ ಬೀಳುತ್ತದೆ. ಗೋವಾ ಚಿತ್ರ ಕನ್ನಡದಲ್ಲಿ ಲಕ್ಷ್ಮಿಯವರ ಮೊದಲನೆಯದು, ಜಾಕ್‌ಪಾಟ್ ಚಿತ್ರ ಮುಂದೆ ಹಿಂದಿಯಲ್ಲಿ ಹೆಸರಾದ ರೇಖಾ ನಾಯಕಿಯಾಗಿ ನಟಿಸಿದ ಮೊದಲನೆಯದು ಎಂಬುದೂ ಹಾಗೆಯೇ.

ಭಾನುವಾರ ರಾಮದುರ್ಗದ ಮನೆಗೆ ಹೋದಾಗ ಇದನ್ನೆಲ್ಲ ಅಜ್ಜನಿಗೆ ಹೇಳಿದೆ. ಅವರು ಕೈಮಗ್ಗದವರು, ರಾಜ್‌ಕುಮಾರ್ ಚಿತ್ರವೆಂದರೆ ಮಗ್ಗ ಬಿಟ್ಟು ಏಳುತ್ತಿದ್ದವರು. ಪೂರ್ತಿ ಕೇಳಿ ನಕ್ಕರು. "ಯವ್ವಾ, ನಾವೆಲ್ಲಿ ಕ್ರಮ ನೋಡಿದ್ವಿ? ಟೂರಿಂಗ್ ಟಾಕೀಸಿಗೆ ಯಾವ ಡಬ್ಬಿ ಬಂತು ಅದನ್ನ ನೋಡಿದ್ವಿ. ನಾ ಗೋವಾದ್ದು ನೋಡಿ ಎರಡ ವರ್ಷ ಆದ ಮ್ಯಾಲ ಜೇಡರ ಬಲಿ ನೋಡೀನಿ. ಏನೂ ತೊಂದ್ರಿ ಆಗಲಿಲ್ಲ."

ನನ್ನ ಪಾಠಯೋಜನೆ ಅಲ್ಲಿಗೇ ಬಿದ್ದುಹೋಯಿತೆನಿಸಿತು. ಆಮೇಲೆ ಯೋಚಿಸಿದರೆ ಅಜ್ಜನ ಮಾತೂ ಸರಿ. 999ರ ನಾಲ್ಕೂ ಚಿತ್ರಗಳ ಕಥೆ ಬೇರೆ ಬೇರೆ, ಒಂದು ಮುಗಿದರೆ ಮುಗಿಯಿತು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳೂ ಹಾಗೆಯೇ. ಐನೂರಕ್ಕೂ ಹೆಚ್ಚು ಬರೆದರಲ್ಲ, ಅವನ್ನು ಕ್ರಮದಲ್ಲೇ ಓದಬೇಕೆಂದಿದ್ದರೆ ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ಯಾರು ಕೊಳ್ಳುತ್ತಿದ್ದರು? ಕಥೆ ತಿಳಿಯಲು ಇಂಥವಕ್ಕೆ ಕ್ರಮ ಬೇಕಿಲ್ಲ. ಆದರೆ ಅಜ್ಜನಿಗೆ ಹೆಸರಿನಲ್ಲಿ ನಂಬರು ಬಂದ ಸಂಗತಿ ಕಣ್ಣಿಗೆ ಬಿದ್ದಿರಲಿಲ್ಲ. ನಾನು ಹೇಳಿದಾಗ, "ಹೌದಲ್ಲ!" ಎಂದರು.

ಕಥೆಯೇ ಮುಂದಿನದಕ್ಕೆ ಕೊಂಡಿ ಹಾಕಿಕೊಂಡಿದ್ದರೆ ಮಾತು ಬೇರೆ. ಇದಕ್ಕೆ ಬಾಂಡ್‌ಗಿಂತ ಒಳ್ಳೆಯ ಉದಾಹರಣೆಯಿಲ್ಲ. ಈ ಭಾಗ ಮಕ್ಕಳಿಗಲ್ಲ, ನಮಗೆ. ಇಯಾನ್ ಫ್ಲೆಮಿಂಗ್ ಬರೆದ ಬಾಂಡ್ ಪುಸ್ತಕಗಳು 14. ಮೊದಲನೆಯದು 1953ರ 'ಕ್ಯಾಸಿನೋ ರಾಯಲ್', ಕೊನೆಯ ಎರಡು ಅವರು 1964ರಲ್ಲಿ ತೀರಿಕೊಂಡ ಮೇಲೆ ಪ್ರಕಟವಾದವು. 1962ರಲ್ಲಿ ಮೊದಲ ಚಿತ್ರವಾಗಿ ಬಂದದ್ದು ಮಾತ್ರ ಆರನೆಯ ಪುಸ್ತಕ 'ಡಾ. ನೋ'. ಮೊದಲ ಪುಸ್ತಕ ಅದೇ ಸರಣಿಯಲ್ಲಿ ಚಿತ್ರವಾಗಲು 2006ರವರೆಗೆ ಕಾಯಬೇಕಾಯಿತು, ಅದೂ 21ನೆಯದಾಗಿ.

ಕ್ರಮ ತಪ್ಪಿದ್ದರ ನಷ್ಟ ಕಾಣುವುದು ಎರಡು ಪುಸ್ತಕಗಳಲ್ಲಿ. 1963ರ 'ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್' ಕೊನೆಗೆ ಬಾಂಡ್‌ನ ಬದುಕಿನಲ್ಲಿ ಒಂದು ದೊಡ್ಡ ನಷ್ಟವಾಗುತ್ತದೆ. ಏನೆಂದು ಹೇಳುವುದಿಲ್ಲ, ಓದದವರೂ ಇದ್ದೀರಿ. 1964ರ 'ಯು ಓನ್ಲಿ ಲಿವ್ ಟ್ವೈಸ್' ಆ ನೋವಿನಲ್ಲೇ ಕುಸಿದವನ ಕಥೆ. ಚಿತ್ರ ಮಾಡಿದವರು ಎರಡನೆಯದನ್ನು 1967ರಲ್ಲಿ ಮೊದಲು ಮಾಡಿದರು, ಮೊದಲನೆಯದನ್ನು 1969ರಲ್ಲಿ. ಹೀಗಾಗಿ 1967ರ ಚಿತ್ರದಲ್ಲಿ ಆ ನೋವೇ ಇಲ್ಲ. ಜೊತೆಗೆ ಆ ಚಿತ್ರದಲ್ಲಿ ಬಾಂಡ್‌ನ ಎದುರು ನಿಂತು ಮಾತಾಡಿದ ಖಳನಾಯಕ ಬ್ಲೋಫೆಲ್ಡ್, ಎರಡು ವರ್ಷದ ನಂತರದ ಚಿತ್ರದಲ್ಲಿ ಒಂದು ಕನ್ನಡಕ ಹಾಕಿಕೊಂಡು ಬಂದ ಅದೇ ಬಾಂಡ್‌ನನ್ನು ಗುರುತಿಸುವುದಿಲ್ಲ! ನಮ್ಮ ಬಯಲಾಟದ ವೇಷವೂ ಇಷ್ಟು ಸುಲಭದಲ್ಲಿ ನಂಬಿಸುವುದಿಲ್ಲ.

ಆದ್ದರಿಂದ ಕೇಳುವವರಿಗೆ ನಾನು ಹೇಳುವುದು ಇಷ್ಟು. ಪುಸ್ತಕಗಳನ್ನು ಬರೆದ ಕ್ರಮದಲ್ಲಿ ಓದಿ, ಚಿತ್ರಗಳನ್ನು ಬಂದ ಕ್ರಮದಲ್ಲಿ ನೋಡಿ, ಎರಡನ್ನೂ ಬೆರೆಸಬೇಡಿ. ಎಲ್ಲ ಪುಸ್ತಕ ಓದಲು ಪುರುಸೊತ್ತಿಲ್ಲದಿದ್ದರೆ 1961ರ 'ಥಂಡರ್‌ಬಾಲ್' ಹಿಡಿದು ಮೇಲಿನ ಎರಡನ್ನು ಅದೇ ಸಾಲಿನಲ್ಲಿ ಮುಗಿಸಿ. ನಡುವಿನ 'ದ ಸ್ಪೈ ಹು ಲವ್ಡ್ ಮಿ' ಬಿಟ್ಟರೂ ನಡೆಯುತ್ತದೆ. ಹಳೆಯ ಚಿತ್ರಗಳಲ್ಲಿ ಹೆಚ್ಚಿನವನ್ನು ಅಜ್ಜನ ಹಾಗೆ ಸಿಕ್ಕ ಡಬ್ಬಿಯಿಂದ ನೋಡಬಹುದು. ಆದರೆ ಡೇನಿಯಲ್ ಕ್ರೇಗ್ ನಟಿಸಿದ 2006ರಿಂದ 2021ರವರೆಗಿನ ಐದು ಚಿತ್ರಗಳು ಒಂದೇ ಕಥೆಯ ಐದು ಕಂತುಗಳಿದ್ದಂತೆ. ಅಲ್ಲಿ ಹಿಂದುಮುಂದು ಮಾಡಬೇಡಿ.

ಮೊದಲ ಸಲ ನೋಡುವವರಿಗೆ ಈ ಮಾತು. ಮೊದಲೇ ಗೊತ್ತಿದ್ದವರಿಗೆ ಯಾವ ಕ್ರಮವೂ ಆದೀತು. ಕಿತ್ತೂರಿನ ಕಥೆಯನ್ನು ನಮ್ಮ ಭಾಗದ ಮಕ್ಕಳು ನಡುವಿನಿಂದಲೇ ಕೇಳಿ ಬೆಳೆದವರು. 1824ರ ಅಕ್ಟೋಬರ್ 23ರಂದು ಥ್ಯಾಕರೆ ಸತ್ತದ್ದು ಮೊದಲು ಗೊತ್ತಾಗುತ್ತದೆ, ಮಲ್ಲಸರ್ಜ ಯಾರೆಂಬುದು ಆಮೇಲೆ. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು ಗೊತ್ತಿದ್ದೂ ಸಂಗೊಳ್ಳಿಯ ಲಾವಣಿ ಕೇಳಲು ಕೂರುತ್ತಾರೆ, ಕೊನೆ ಬಂದಾಗ ಕಣ್ಣೊರೆಸಿಕೊಳ್ಳುತ್ತಾರೆ. ಇದನ್ನು ತರಗತಿಯಲ್ಲಿ ಹೇಳಿದಾಗ, ತಾಯಿಯ ತವರು ಸವದತ್ತಿ ಕಡೆ ಇರುವ ಹುಡುಗಿಯೊಬ್ಬಳು ಒಪ್ಪಲಿಲ್ಲ. "ಎಷ್ಟ ಸಲ ಗುಡ್ಡಕ್ಕ ಹೋಗಿದ್ರೂ, ಮೊದಲ ಜೋಗುಳಬಾವಿಗೆ ಹೋಗೇ ಗುಡ್ಡ ಹತ್ತಬೇಕ್ರಿ ಟೀಚರ್." ನನ್ನಲ್ಲಿ ಉತ್ತರವಿರಲಿಲ್ಲ.

ಇನ್ನು ಪರಮಾಣುವಿಗೆ ಮರಳಬೇಕಿತ್ತು. ಉಪನ್ಯಾಸಕರ ಒಪ್ಪಿಗೆ ಪಡೆದು 'ಬ' ವಿಭಾಗದಲ್ಲಿ ಅದೇ ಪಾಠವನ್ನು ಬೇರೆ ರೀತಿ ಮಾಡಿದೆ. 'ಅ' ವಿಭಾಗದ ಆ ಹಿಂದಿನ ಬೆಂಚಿನ ಹುಡುಗನನ್ನೂ ಕರೆಸಿ ಕೂರಿಸಿದ್ದೆ. ಮುಂದಿನ ಪುಟಗಳನ್ನೆಲ್ಲ ದಾರದಿಂದ ಕಟ್ಟಿಸಿದೆ. "ನಾವೀಗ ಜೇಡರ ಬಲೆಯ ಕಾಲದಲ್ಲಿ ಕೂತಿದ್ದೀವಿ. ಡೈಮಂಡ್ ರಾಕೆಟ್ ಇನ್ನೂ ಬಂದಿಲ್ಲ. ನಿಮಗೆ ನ್ಯೂಕ್ಲಿಯಸ್ ಎಂಬ ಶಬ್ದ ಗೊತ್ತಿಲ್ಲ" ಎಂದೆ. ಕಲ್ಲಂಗಡಿ ಮತ್ತೆ ಮೇಜಿನ ಮೇಲೆ. ಪರಮಾಣು ಹೀಗೆಯೇ ಇದ್ದರೆ, ವೇಗದ ಆಲ್ಫಾ ಕಣಗಳು ಇದರೊಳಗೆ ಹೊಕ್ಕಾಗ ಏನಾಗಬಹುದು, ಚೀಟಿಯಲ್ಲಿ ಬರೆಯಿರಿ. ಎಲ್ಲರೂ ಬರೆದದ್ದು ಒಂದೇ: ದಾಟಿ ಹೋಗುತ್ತವೆ. ಚೀಟಿಗಳನ್ನು ಸಂಗ್ರಹಿಸಿಕೊಂಡ ಮೇಲೆ, 12,000ಕ್ಕೆ ಒಂದು ಕಣ ಬಂದ ದಾರಿಗೇ ತಿರುಗಿತು ಎಂದು ಹಲಗೆಯ ಮೇಲೆ ಬರೆದೆ. ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಯಾರೋ, "ಹಂಗಾರ ಹಣ್ಣಿನಾಗ ಎಲ್ಲೋ ಏನೋ ಗಟ್ಟಿ ಐತ್ರಿ. ಸಣ್ಣದು" ಎಂದರು.

ಹಿಂದಿನ ಬೆಂಚಿನ ಹುಡುಗ ಅಷ್ಟಕ್ಕೆ ಬಿಡಲಿಲ್ಲ. ಹಿಂದಿನ ಪುಟಗಳನ್ನು ನಾನು ಕಟ್ಟಿಸಿರಲಿಲ್ಲವಲ್ಲ, ಅಲ್ಲಿಂದ ಒಂದನ್ನು ಹುಡುಕಿ ತೆಗೆದ. "ಟೀಚರ್ರೀ, ಗೋಲ್ಡ್‌ಸ್ಟೈನ್ ಹೊಸಾ ಕಿರಣ ಕಂಡಿದ್ದು 1886 ಅಂತೈತಿ. ಥಾಮ್ಸನ್ ಎಲೆಕ್ಟ್ರಾನ್ ಕಂಡಿದ್ದು 1897 ಅಂದ್ರಿ. ಹಂಗಾರ ಪುಸ್ತಕದಾಗ ಥಾಮ್ಸನ್ ಯಾಕ ಮೊದಲ ಬಂದಾನ್ರಿ?" ಗಂಟೆ ಹೊಡೆಯಿತು. ಮರುದಿನದ ಪಾಠಯೋಜನೆಯ ಮೊದಲ ಸಾಲಿನಲ್ಲಿ ಅವನ ಪ್ರಶ್ನೆಯನ್ನೇ ಬರೆದುಕೊಂಡೆ.