ಮನಸ್ಸು ಕೂರದ ದಿನಗಳಲ್ಲಿ ಓದು

ಪರೀಕ್ಷೆ ಹತ್ತಿರ ಬಂತೆಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಮನಸ್ಸಿಟ್ಟು ಓದು. ಅಮ್ಮಿ ಇದನ್ನು ಉರ್ದುವಿನಲ್ಲಿ ಹೇಳುತ್ತಾರೆ, ಕಾಲೇಜಿನಲ್ಲಿ ಮೇಡಂ ಕನ್ನಡದಲ್ಲಿ ಹೇಳುತ್ತಾರೆ. ಇಡೋಣ ಎಂದರೆ ಮನಸ್ಸೇ ಕೈಗೆ ಸಿಗದಿದ್ದಾಗ ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಈ ವರ್ಷ ಮನೆಯಲ್ಲಿ ಕಷ್ಟವಿರುವ ಸ್ನೇಹಿತರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲೂ ಇದೆ. ದಸರಾ ರಜೆಯಿಂದ ಅಬ್ಬು ಬೆನ್ನುನೋವಿನಿಂದ ಮಲಗಿದ್ದಾರೆ. ಚಾಮರಾಜಪೇಟೆಯ ನಮ್ಮ ಟೈಲರಿಂಗ್ ಅಂಗಡಿ ದಿನಕ್ಕೆ ನಾಲ್ಕು ಗಂಟೆ ತೆರೆದರೆ ಹೆಚ್ಚು. ಸಂಜೆ ಅಲ್ಲಿ ನಾನು ಕೂರುತ್ತೇನೆ. ರಾತ್ರಿ ಪುಸ್ತಕ ತೆರೆದರೆ ಅಕ್ಷರದ ಬದಲು ಅಂಗಡಿಯ ಬಾಡಿಗೆ ಕಾಣುತ್ತದೆ.

ನಮಗೆ ಅಕೌಂಟೆನ್ಸಿಯಲ್ಲಿ ‘ಗೋಯಿಂಗ್ ಕನ್ಸರ್ನ್’ ಎಂಬ ಪರಿಕಲ್ಪನೆ ಇದೆ. ಪ್ರಥಮ ಪಿಯುಸಿಯಲ್ಲಿ ಎರಡು ಅಂಕದ ಪ್ರಶ್ನೆಯೆಂದು ಓದಿ ಬಿಟ್ಟಿರುತ್ತೇವೆ. ವ್ಯಾಪಾರ ಮುಂದೆಯೂ ನಡೆಯುತ್ತದೆ ಎಂದು ಭಾವಿಸಿಯೇ ಲೆಕ್ಕ ಬರೆಯಬೇಕು ಎಂಬುದು ಅದರ ಅರ್ಥ. 50,000 ರೂಪಾಯಿಯ ಹೊಲಿಗೆ ಯಂತ್ರ 10 ವರ್ಷ ಬಾಳುತ್ತದೆ, ಕೊನೆಗೆ ಅದಕ್ಕೆ ಏನೂ ಬೆಲೆ ಬರುವುದಿಲ್ಲ ಎಂದುಕೊಳ್ಳಿ. ವರ್ಷಕ್ಕೆ 5,000 ಸವಕಳಿ ಕಳೆದರೆ ಮೂರು ವರ್ಷದ ನಂತರ ಪುಸ್ತಕದಲ್ಲಿ ಅದರ ಬೆಲೆ 35,000. ಇವತ್ತೇ ಅಂಗಡಿ ಮುಚ್ಚಿ ಗುಜರಿಯವನನ್ನು ಕರೆದರೆ ಅವನು 8,000 ಎನ್ನಬಹುದು. ಯಂತ್ರ ಅದೇ, ಬೆಲೆ ಬೇರೆ. ಟೆನ್ಷನ್ ಇರುವ ರಾತ್ರಿ ನಾವು ನಮ್ಮನ್ನು ಗುಜರಿಯವನ ಲೆಕ್ಕದಲ್ಲೇ ಅಳೆಯುತ್ತೇವೆ: ಇವತ್ತು ಓದು ಹತ್ತಲಿಲ್ಲ, ಹಾಗಾದರೆ ಎಲ್ಲಾ ಮುಗಿಯಿತು ಎಂದು.

ಈ ಪರಿಕಲ್ಪನೆ ನನಗೆ ನಿಜವಾಗಿ ಅರ್ಥವಾಗಿದ್ದು ನಮ್ಮ ಊರಿನ ಚರಿತ್ರೆ ಓದಿದಾಗ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಎರಡು ವರ್ಷ ಮೊದಲು ಬೊಂಬಾಯಿಯಲ್ಲಿ ಕಾಣಿಸಿಕೊಂಡು, ರೈಲು ದಾರಿ ಹಿಡಿದು ಇಲ್ಲಿಗೆ ತಲುಪಿದ ಕಾಯಿಲೆ. ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಸಾವಿರಾರು ಜನ ಸತ್ತರು. ಎಷ್ಟೋ ಜನ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡರು. ವಾಸಿಮಾಡುವ ಔಷಧಿ ಆಗ ಇರಲಿಲ್ಲ. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆ ಎಂದು ಫ್ರಾನ್ಸಿನ ವೈದ್ಯ ಪಾಲ್ ಲೂಯಿ ಸಿಮೊಂ ಕಂಡುಕೊಂಡದ್ದು ಅದೇ 1898ರಲ್ಲಿ, ಅದೂ ಕರಾಚಿಯಲ್ಲಿ. ಬಹಳ ವರ್ಷ ಅವರ ಮಾತನ್ನು ಹೆಚ್ಚಿನವರು ಒಪ್ಪಲಿಲ್ಲ. ಎಂದರೆ ಬೆಂಗಳೂರಿನವರಿಗೆ ತಾವು ಯಾವುದರ ಜೊತೆ ಹೋರಾಡುತ್ತಿದ್ದೇವೆ ಎಂಬುದೇ ಪೂರ್ತಿ ಗೊತ್ತಿರಲಿಲ್ಲ.

ಅಂಥ ಸಮಯದಲ್ಲಿ ಅವರು ಮಾಡಿದ್ದು ಜಾಗ ಅಳೆಯುವ ಕೆಲಸ! ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲ ಅದು. ವಿ.ಪಿ. ಮಾಧವರಾಯರು ಪ್ಲೇಗ್ ಕಮಿಷನರ್ ಆಗಿದ್ದರು. ಗಾಳಿ ಬೆಳಕು ಬರುವಂತೆ ನೇರವಾದ ಅಗಲ ರಸ್ತೆ, ಮನೆಗಳ ಹಿಂದೆ ಕಸ ಸಾಗಿಸಲು ಸಣ್ಣ ಓಣಿ, ಹೀಗೆ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಪ್ಲೇಗ್ ಕೆಲಸಗಾರರ ನಡುವೆ ಸುದ್ದಿ ಮುಟ್ಟಿಸಲು ಟೆಲಿಫೋನ್ ತಂತಿ ಎಳೆದರು. 1897ರಲ್ಲಿ ಅಡಿಗಲ್ಲು ಹಾಕಿದ್ದ ವಿಕ್ಟೋರಿಯಾ ಆಸ್ಪತ್ರೆಯ ಕಟ್ಟಡವನ್ನು ಈ ಗಲಾಟೆಯ ಮಧ್ಯೆಯೇ ಮುಗಿಸಿ 1900ರ ಡಿಸೆಂಬರ್‌ನಲ್ಲಿ ತೆರೆದರು. ಪ್ಲೇಗ್ ಹೋದ ಮೇಲೆ ನೋಡೋಣ ಎಂದು ಕಾದಿದ್ದರೆ ತುಂಬಾ ಕಾಯಬೇಕಿತ್ತು, ಏಕೆಂದರೆ ಅದು ಮುಂದೆಯೂ ಮತ್ತೆ ಮತ್ತೆ ಬಂತು. ಸರಪಳಿ ಹಿಡಿದು ಸೈಟು ಅಳೆಯುತ್ತಿದ್ದ ಮನುಷ್ಯನಿಗೆ ಆ ದಿನ ಉತ್ಸಾಹ ಇತ್ತೆಂದು ನನಗೆ ಅನಿಸುವುದಿಲ್ಲ. ಅವನಿಗೆ ಅವತ್ತು ಇಷ್ಟು ಅಡಿ ಅಳೆಯಬೇಕಿತ್ತು, ಅಳೆದ.

ಒಂದು ಮಾತು ಇಲ್ಲಿ ಹೇಳಲೇಬೇಕು. ಹೊಸ ಬಡಾವಣೆಯ ಸೈಟು ಎಲ್ಲರಿಗೂ ಸಿಗಲಿಲ್ಲ. ಬಡವರಲ್ಲಿ ಬಹಳ ಜನ ಪೇಟೆಯಲ್ಲೇ ಉಳಿದರು. ಮೋಟಿವೇಷನ್ ವಿಡಿಯೋಗಳನ್ನು ನೋಡುವಾಗಲೂ ನನಗೆ ಇದು ನೆನಪಾಗುತ್ತದೆ. ಬೆಳಿಗ್ಗೆ ಎದ್ದು ನಿಮ್ಮ ಕೋಣೆಯಲ್ಲಿ ಶಾಂತವಾಗಿ ಕುಳಿತುಕೊಳ್ಳಿ ಎನ್ನುತ್ತಾರೆ. ಎರಡು ಕೋಣೆಯಲ್ಲಿ ಆರು ಜನ ಇರುವ ಮನೆಯಲ್ಲಿ ಆ ‘ನಿಮ್ಮ ಕೋಣೆ’ ಯಾವುದು? ಹಾಗಾಗಿ ಇರುವ ಜಾಗಕ್ಕೆ ಹೊಂದುವ ಉಪಾಯ ಹೇಳುತ್ತೇನೆ.

ದಿನದ ಗುರಿಯನ್ನು ನಗು ಬರುವಷ್ಟು ಚಿಕ್ಕದು ಮಾಡಿ. ನನ್ನದು ಅಂಗಡಿಯಲ್ಲಿ ಒಂದು ಲೆಕ್ಕ. ಪಾಲುದಾರಿಕೆಯ ಅಧ್ಯಾಯದಿಂದ ಒಂದೇ ಒಂದು. ಗಿರಾಕಿ ಬಂದರೆ ಪೆನ್ನು ಇಟ್ಟು ಅಳತೆ ಬರೆದುಕೊಳ್ಳುವುದು, ಅವರು ಹೋದ ಮೇಲೆ ಅದೇ ಸಾಲಿನಿಂದ ಮುಂದುವರಿಯುವುದು. ಮೊದಲ ಎರಡು ಎಂಟ್ರಿ ಕೈ ಬರೆಯುತ್ತದೆ, ಮೂರನೆಯದಕ್ಕೆ ತಲೆ ತಾನೇ ಬಂದು ಸೇರಿಕೊಳ್ಳುತ್ತದೆ. ಓದಿದ್ದನ್ನು ದಿನಾಂಕ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಾನು ಅದಕ್ಕೆ ರೋಜು ಕಿರ್ದಿ ಎಂದೇ ಹೆಸರಿಟ್ಟಿದ್ದೇನೆ. (ಕನ್ನಡದ ಲೆಕ್ಕ ಪುಸ್ತಕದಲ್ಲಿ ರೋಜು, ಜಮಾ, ಬಾಕಿ, ವಸೂಲಿ ಎಲ್ಲಾ ನಮ್ಮ ಮನೆಯ ಮಾತುಗಳೇ. ಕನ್ನಡ ಕಷ್ಟ ಎನ್ನುವ ನಮ್ಮ ಹುಡುಗಿಯರು ಗಮನಿಸಿ.) ಓದು ಹತ್ತಲಿಲ್ಲ ಎಂದು ಅಳು ಬಂದಾಗ ಹಿಂದಿನ ಪುಟ ತಿರುಗಿಸಿದರೆ ನವೆಂಬರ್‌ನಲ್ಲಿ 26 ಲೆಕ್ಕ ಇರುತ್ತವೆ. ಅದು ಪುಸ್ತಕದ ಬೆಲೆ.

ಮನೆಯ ಪರಿಸ್ಥಿತಿಯನ್ನು ಒಬ್ಬ ಲೆಕ್ಚರರ್‌ಗಾದರೂ ತಿಳಿಸಿ. ಅಬ್ಬುವಿನ ವಿಷಯ ಹೇಳಿದ ಮೇಲೆ ನನಗೆ ಅಸೈನ್‌ಮೆಂಟಿಗೆ ನಾಲ್ಕು ದಿನ ಹೆಚ್ಚು ಸಿಕ್ಕಿತು. ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಹೆಚ್ಚು ಬಂದ ಅಂಕ ಉಳಿಯುತ್ತದೆ ಎಂಬುದನ್ನೂ ಮನೆಯವರಿಗೆ ಹೇಳಿ. ನಮ್ಮ ದಾದಿಗೆ ಇದು ಗೊತ್ತಾದ ಮೇಲೆಯೇ ಅವರ ಬಿಪಿ ಇಳಿದದ್ದು.

ಆದರೆ ಹಲವು ದಿನ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಎನಿಸುತ್ತದೆ ಎಂದಾದರೆ ಚಿಕ್ಕ ಗುರಿ, ನೋಟ್‌ಬುಕ್ ಸಾಕಾಗುವುದಿಲ್ಲ. 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮಾನಸ್ ಸೇವೆ, 2022ರಲ್ಲಿ ಶುರುವಾಯಿತು. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಇದಕ್ಕೆ ಮಾರ್ಗದರ್ಶನ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನದೇ. ಹುಡುಗರು ನಾಚಿಕೊಳ್ಳುತ್ತಾರೆ ಎಂದು ಕೇಳಿದ್ದೇನೆ. ಹಲ್ಲುನೋವಿಗೆ ಡಾಕ್ಟರ ಹತ್ತಿರ ಹೋಗಲು ಯಾರು ನಾಚುತ್ತಾರೆ?

ಕೊನೆಯದಾಗಿ ವೇಳಾಪಟ್ಟಿ. ಈ ಸಲವೂ ಪರೀಕ್ಷೆ ರಮ್ಜಾನ್‌ನಲ್ಲಿ ಬರುತ್ತಿದೆ. ಸಹರಿ ಮುಗಿಸಿ ಫಜರ್ ನಮಾಜಿನ ನಂತರದ ಒಂದು ಗಂಟೆ ಮನೆಯಲ್ಲಿ ಟಿವಿ ಇರುವುದಿಲ್ಲ, ಹೊಟ್ಟೆಯೂ ತುಂಬಿರುತ್ತದೆ. ಲೆಕ್ಕಕ್ಕೆ ಅದನ್ನು ಇಡಿ. ಮಧ್ಯಾಹ್ನ ತಲೆ ಓಡದ ಹೊತ್ತಿಗೆ ಬಿಸಿನೆಸ್ ಸ್ಟಡೀಸ್ ಪ್ರಶ್ನೋತ್ತರ ಬರೆಯಬಹುದು, ಅಸರ್ ಆದ ಮೇಲೆ ಅರ್ಧ ಗಂಟೆ ಮಲಗಬಹುದು. ಇಫ್ತಾರ್ ಆದ ತಕ್ಷಣ ಓದಲು ಕೂರಬೇಡಿ, ಪುಸ್ತಕದ ಮೇಲೇ ನಿದ್ದೆ ಬರುತ್ತದೆ.